ಒಂದು ಪತ್ರ, ಸಾವಿರ ವಿಳಾಸ

ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಕಾಳೀ ನದಿಯ ನೀರನ್ನು ಬೊಮ್ಮನಹಳ್ಳಿಯಲ್ಲಿ ತಡೆದು ನಿಲ್ಲಿಸಿ, ಸುರಂಗದೊಳಗಿಂದ ತಂದು, ಟರ್ಬೈನುಗಳಿಗೆ ಬೇಕಾದಷ್ಟನ್ನೇ ಅಲ್ಲಿ ಬಿಡುವರು. ನೀರು ಎಷ್ಟಿದೆಯೆಂಬುದು ಒಂದು ಮಾತು. ಕ್ಷಣಕ್ಕೆ ಎಷ್ಟು ಬಿಡಬೇಕೆಂಬುದು ಇನ್ನೊಂದು. ಇದನ್ನು ತರಗತಿಯಲ್ಲಿ ವರ್ಷವೂ ಹೇಳುವ ನಾವೇ ಒಮ್ಮೆ ಮರೆತೆವು. ವಿದ್ಯಾರ್ಥಿಗಳಿಗಾಗಿ ಇ-ಮೇಲ್ ಮೂಲಕ ಹೊರಡಿಸುವ ಸುದ್ದಿಪತ್ರವನ್ನು ಸುಮಾರು ಸಾವಿರ ವಿಳಾಸಗಳಿಗೆ ಒಂದೇ ಏಟಿಗೆ ಕಳುಹಿಸಿದೆವು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದೆಂಬುದು ಅದರಲ್ಲಿತ್ತು. ಬಹುಪಾಲು ಪ್ರತಿಗಳು ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬಿದ್ದವು. ಗಡುವು ಕಳೆದ ಮೇಲೆ ಹುಡುಗನೊಬ್ಬ ಬಂದು, ತನಗೆ ತಿಳಿಯಲೇ ಇಲ್ಲವೆಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಹೀಗೇಕಾಯಿತು? ಇ-ಮೇಲ್ ಸಾಗಾಟದ ನಿಯಮವಾದ ಎಸ್‌ಎಂಟಿಪಿ 1982ರಲ್ಲಿ ರೂಪುಗೊಂಡಾಗ, ಕಳುಹಿಸುವವನು ತನ್ನ ಹೆಸರೆಂದು ಬರೆದುದನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಲಕೋಟೆಯ ಹಿಂಬದಿಯಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದಲ್ಲವೇ, ಹಾಗೆ. ಈ ಕೊರತೆಯನ್ನು ತುಂಬಲು ಮುಂದೆ ಮೂರು ಉಪಾಯಗಳು ಬಂದವು. ನಮ್ಮ ಡೊಮೇನಿನ ಪರವಾಗಿ ಯಾವ ಯಂತ್ರಗಳು ಪತ್ರ ಕಳುಹಿಸಬಹುದೆಂದು ಬಹಿರಂಗವಾಗಿ ಸಾರುವುದು ಎಸ್‌ಪಿಎಫ್. ಡಿಕೆಐಎಂ ಇದಕ್ಕಿಂತ ಸೊಗಸಾದುದು. ಪತ್ರದ ಸಾರಸಂಖ್ಯೆಯೊಂದನ್ನು ಲೆಕ್ಕ ಹಾಕಿ, ಗುಪ್ತ ಕೀಲಿಯಿಂದ ಅದಕ್ಕೆ ಸಹಿ ಹಾಕುವರು; ಡೊಮೇನಿನ ದಾಖಲೆಯಲ್ಲಿ ಪ್ರಕಟವಾಗಿರುವ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಆ ಸಹಿಯನ್ನು ಪರೀಕ್ಷಿಸಬಹುದು. ದಾರಿಯಲ್ಲಿ ಒಂದಕ್ಷರ ಬದಲಾದರೂ ಸಹಿ ತಾಳೆಯಾಗದು. ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ಜಿಮೇಲ್ ಮತ್ತು ಯಾಹೂ 2024ರಿಂದ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ನಮ್ಮ ಪತ್ರಕ್ಕೆ ಇವುಗಳಲ್ಲಿ ಒಂದೂ ಇರಲಿಲ್ಲ.

ಇನ್ನು ಪಟ್ಟಿಯ ವಿಚಾರ. ವಿಳಾಸಗಳನ್ನು ಪರರ ಕಂಪನಿಗೆ ಒಪ್ಪಿಸದೆ ನಮ್ಮದೇ ಯಂತ್ರದಲ್ಲಿಟ್ಟುಕೊಳ್ಳಲು ನೆರವಾಗುವ ತಂತ್ರಾಂಶಗಳುಂಟು. ಅವುಗಳಲ್ಲಿ ಲಿಸ್ಟ್‌ಮಂಕ್ ಎಂಬುದು ನಮ್ಮ ಬೆಂಗಳೂರಿನದೇ. ಜೆರೋಧಾ ಸಂಸ್ಥೆಯ ತಂತ್ರಜ್ಞಾನದ ಮುಖ್ಯಸ್ಥರಾದ ಕೈಲಾಶ್ ನಾಧ್ ಅವರು ಇದನ್ನು ಗೋ ಭಾಷೆಯಲ್ಲಿ ಬರೆದು 2019ರಲ್ಲಿ ಮುಕ್ತವಾಗಿ ಹಂಚಿದರು. ಇದರ ಜೊತೆಗೆ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯವೊಂದಿದ್ದರೆ ಸಾಕು. ಆದರೆ ಒಂದು ಎಚ್ಚರಿಕೆ: ಇದು ಪಟ್ಟಿಯನ್ನು ಕಾಯುವ ಕರಣಿಕನೇ ಹೊರತು ಅಂಚೆಯವನಲ್ಲ. ಪತ್ರವನ್ನು ಒಯ್ಯಲು ಬೇರೊಂದು ಎಸ್‌ಎಂಟಿಪಿ ಸರ್ವರ್ ಬೇಕು.

ತೂಬಿನ ಕೆಲಸವನ್ನೂ ಇದು ಬಲ್ಲದು. ಸೆಕೆಂಡಿಗೆ 5 ಪತ್ರವೆಂದು ಮಿತಿ ಹಾಕಿದರೆ ಸಾವಿರಕ್ಕೆ 200 ಸೆಕೆಂಡು. ಇಷ್ಟು ತಾಳ್ಮೆ ನಮಗಿರಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ. ಇದೇ ವೇಗದಲ್ಲಿ 20 ಲಕ್ಷ ಮಂದಿಗೆ ಕಳುಹಿಸುವುದಾದರೆ ನಾಲ್ಕೂವರೆ ದಿನ ಮೀರುವುದು. ಅಂಥವರು ವೇಗವನ್ನು ದಿನದಿನಕ್ಕೆ ಮೆಲ್ಲನೆ ಏರಿಸುವರು.

ಹಿಂದಿರುಗಿ ಬರುವ ಪತ್ರಗಳನ್ನೂ ಓದಬೇಕು. ಉತ್ತರಸಂಖ್ಯೆ 4ರಿಂದ ಮೊದಲಾದರೆ ತೊಂದರೆ ತಾತ್ಕಾಲಿಕ, ಮತ್ತೆ ಯತ್ನಿಸಬಹುದು. 5ರಿಂದ ಮೊದಲಾದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಇಲ್ಲದ ವಿಳಾಸಗಳಿಗೆ ಬರೆಯುತ್ತಲೇ ಇರುವವನನ್ನು ಸ್ವೀಕರಿಸುವ ಯಂತ್ರಗಳು ಶಂಕಿಸುತ್ತವೆ. ಆದುದರಿಂದ ಹೊಸಬನ ವಿಳಾಸಕ್ಕೆ ಮೊದಲು ಒಂದು ದೃಢೀಕರಣ ಪತ್ರ ಹೋಗಿ, ಅವನು ಒಪ್ಪಿದ ಮೇಲೆಯೇ ಹೆಸರು ಸೇರುವ ಕ್ರಮವನ್ನು ಆರಿಸಿಕೊಳ್ಳುವುದು ಮೇಲು.

ನಾವೂ ಹಾಗೆಯೇ ಮಾಡಿದೆವು. ಪಟ್ಟಿಯಲ್ಲಿದ್ದವರೆಲ್ಲರ ಒಪ್ಪಿಗೆ ಕೇಳಿದೆವು, ಉತ್ತರಿಸದವರ ಹೆಸರುಗಳನ್ನು ಮನಸ್ಸಿಲ್ಲದ ಮನಸ್ಸಿನಿಂದ ತೆಗೆದೆವು, ಕೀಲಿಗಳನ್ನು ಹೊಂದಿಸಿದೆವು. ಮುಂದಿನ ವರ್ಷದ ಸುದ್ದಿಪತ್ರ ನಿಧಾನವಾಗಿ ಹೊರಟು, ಮುಟ್ಟಬೇಕಾದಲ್ಲಿಗೆ ಮುಟ್ಟಿತು. ಆದರೂ ಆ ಹುಡುಗನಿಗೆ ಮಾತ್ರ ಕೊನೆಯ ದಿನವನ್ನು ಬಾಯಿಮಾತಿನಲ್ಲಿಯೇ ಹೇಳಿ ಬಂದೆವು.