ಇಂದಿನ ಧಮ್ಮ ಚಿಂತನೆ: ಬಾಗಿಲು ಮುಚ್ಚಿದ್ದ ಕಾಲದ ಪ್ರಯತ್ನ





ಈ ವಾರ ನಾವು ಅಷ್ಟಾಂಗ ಮಾರ್ಗದ ಆರನೆಯ ಅಂಗವಾದ ಸಮ್ಯಕ್ ವ್ಯಾಯಾಮವನ್ನು ಓದುತ್ತಿದ್ದೇವೆ. ಇಲ್ಲಿ ವ್ಯಾಯಾಮ ಎಂದರೆ ಕಸರತ್ತು ಅಲ್ಲ, ಪ್ರಯತ್ನ. ಅದಕ್ಕೆ ನಾಲ್ಕು ಮುಖ. ಹುಟ್ಟದ ಕೆಡುಕು ಹುಟ್ಟದಂತೆ ತಡೆಯುವುದು. ಹುಟ್ಟಿದ ಕೆಡುಕನ್ನು ಬಿಡುವುದು. ಇಲ್ಲದ ಒಳಿತನ್ನು ಬೆಳೆಸುವುದು. ಇರುವ ಒಳಿತನ್ನು ಬಾಡದಂತೆ ಕಾಯುವುದು.

ಈ ನಾಲ್ಕರಲ್ಲಿ ಕೊನೆಯದೇ ಬಹಳ ಕಷ್ಟ ಎಂದು ನನಗನ್ನಿಸುತ್ತದೆ. ಫಲ ಸಿಗುವ ಸೂಚನೆಯೇ ಇಲ್ಲದಿರುವಾಗ ನಮ್ಮೊಳಗಿನ ಒಳಿತನ್ನು ಎಷ್ಟು ವರ್ಷ ಕಾಯಬಹುದು? ಇದಕ್ಕೆ ಉದಾಹರಣೆಯಾಗಿ ಇಂದು ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಯಾಚೆಲ್ ಪೇಜ್ ಅವರ ಬದುಕನ್ನು ನೋಡೋಣ.

*ಯಾರು ಈ ಪೇಜ್?*

ಪೇಜ್ ಪಿಚರ್ ಆಗಿದ್ದರು. ಪಿಚರ್ ಎಂದರೆ ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ. ಆದರೆ ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ, ನೇರವಾಗಿ ಹಾರಿ ಬರುತ್ತದೆ. ಸುಮಾರು 18 ಮೀಟರ್ ದೂರದಿಂದ, ಕೇವಲ 17 ಇಂಚು ಅಗಲದ ಹೋಮ್ ಪ್ಲೇಟ್ ಮೇಲೆ ಹಾಯುವಂತೆ ಅದನ್ನು ಎಸೆಯಬೇಕು. ಪೇಜ್ ಆ ಪ್ಲೇಟಿನ ಜಾಗದಲ್ಲಿ ಚ್ಯೂಯಿಂಗ್ ಗಮ್ ಸುತ್ತಿದ ಚಿಕ್ಕ ಕಾಗದವನ್ನಿಟ್ಟು ಗುರಿ ಅಭ್ಯಾಸ ಮಾಡುತ್ತಿದ್ದುದು ಹೆಸರುವಾಸಿ.

ಅವರು ಹುಟ್ಟಿದ್ದು 1906ರ ಜುಲೈ 7ರಂದು, ಅಲಬಾಮಾ ರಾಜ್ಯದ ಮೊಬೀಲ್ ನಗರದಲ್ಲಿ. ತಾಯಿ ಬೇರೆಯವರ ಬಟ್ಟೆ ಒಗೆದು ಸಂಸಾರ ಸಾಗಿಸುತ್ತಿದ್ದರು. ಮನೆ ತುಂಬಾ ಮಕ್ಕಳು. ಹುಡುಗ ರೈಲ್ವೆ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಹೊರುತ್ತಿದ್ದ. ಸ್ಯಾಚೆಲ್ ಎಂದರೆ ಚೀಲ. ಆ ಕೆಲಸದಿಂದಲೇ ತನಗೆ ಈ ಹೆಸರು ಬಂತೆಂದು ಪೇಜ್ ಹೇಳುತ್ತಿದ್ದರು. ಶಾಲೆಗೆ ಚಕ್ಕರ್ ಹಾಕಿದ್ದಕ್ಕೂ ಅಂಗಡಿಯಲ್ಲಿ ಕದ್ದದ್ದಕ್ಕೂ ಹನ್ನೆರಡನೇ ವಯಸ್ಸಿನ ಹೊತ್ತಿಗೆ ಅವನನ್ನು ಸುಧಾರಣಾ ಶಾಲೆಗೆ ಕಳಿಸಿದರು. ಐದು ವರ್ಷ ಅಲ್ಲಿದ್ದ. ಚೆಂಡೆಸೆಯುವ ವಿದ್ಯೆ ಅವನಿಗೆ ಸರಿಯಾಗಿ ಸಿಕ್ಕಿದ್ದು ಆ ಶಾಲೆಯ ಎಡ್ವರ್ಡ್ ಬರ್ಡ್ ಎಂಬ ತರಬೇತುದಾರರಿಂದ. ಕದ್ದು ಸಿಕ್ಕಿಬಿದ್ದ ಹುಡುಗನಲ್ಲೂ ಏನಿದೆ ಎಂದು ನೋಡುವ ಒಬ್ಬ ಗುರು ಬೇಕು. ಮೇಷ್ಟರ ಕೆಲಸ ಮಾಡುವ ನನಗೆ ಇದು ಮುಖ್ಯ.

*ಬರೆಯದ ನಿಯಮ*

1926ರಲ್ಲಿ ಪೇಜ್ ವೃತ್ತಿ ಆಟಗಾರರಾದರು. ಆದರೆ ದೇಶದ ದೊಡ್ಡ ಪಂದ್ಯಾವಳಿಗಳಾದ ಮೇಜರ್ ಲೀಗ್‌ಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. 1880ರ ದಶಕದಿಂದ 1947ರವರೆಗೆ ಹೀಗೇ ನಡೆಯಿತು. ಮೇಜರ್ ಲೀಗ್‌ಗಳ ನಿಯಮದ ಪುಸ್ತಕದಲ್ಲಿ ಹೀಗೆಂದು ಬರೆದಿರಲಿಲ್ಲ. ಬಿಳಿಯ ಮಾಲೀಕರ ನಡುವೆ ಒಳಒಪ್ಪಂದವಿತ್ತು, ಅಷ್ಟೇ. ಹಳ್ಳಿಯ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ ಇಡುವವನೂ ಬೋರ್ಡು ಬರೆದು ಹಾಕುವುದಿಲ್ಲವಲ್ಲ!

ಕಪ್ಪು ಜನರು ತಮ್ಮದೇ ನೀಗ್ರೋ ಲೀಗ್‌ಗಳನ್ನು ಕಟ್ಟಿಕೊಂಡಿದ್ದರು. ಪೇಜ್ ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕಾನ್ಸಾಸ್ ಸಿಟಿ ತಂಡಗಳಿಗೆ ಆಡಿದರು. ಡೊಮಿನಿಕನ್ ಗಣರಾಜ್ಯ, ಮೆಕ್ಸಿಕೋಗಳಿಗೂ ಹೋಗಿ ಆಡಿದರು. ಊರೂರು ತಿರುಗುವ ಪ್ರದರ್ಶನ ಪಂದ್ಯಗಳಲ್ಲಿ ಮೇಜರ್ ಲೀಗ್‌ನ ಬಿಳಿಯ ತಾರೆಯರನ್ನು ಎದುರಿಸಿದರು. ತಾನು ಎದುರಿಸಿದ ಪಿಚರ್‌ಗಳಲ್ಲಿ ಪೇಜ್ ಅವರೇ ಶ್ರೇಷ್ಠ ಎಂದು ಜೋ ಡಿಮ್ಯಾಜಿಯೊ ಅವರಂಥ ಬ್ಯಾಟರ್ ಹೇಳಿದರು. ಹೊಗಳಿಕೆ ಸಿಕ್ಕಿತು, ಬಾಗಿಲು ತೆರೆಯಲಿಲ್ಲ. ಕಪ್ಪು ಆಟಗಾರರಿಗೆ ಊಟ, ವಸತಿ ಕೊಡದ ಊರಿನಲ್ಲಿ ತಾನು ಆಡುವುದಿಲ್ಲ ಎಂಬ ಷರತ್ತನ್ನು ಪೇಜ್ ಹಾಕುತ್ತಿದ್ದರು ಎಂಬುದನ್ನೂ ನಾವು ನೆನಪಿಡಬೇಕು. ಅವರ ತಾಳ್ಮೆ ತಲೆ ತಗ್ಗಿಸುವ ತಾಳ್ಮೆಯಾಗಿರಲಿಲ್ಲ.

1938ರಲ್ಲಿ ಮೆಕ್ಸಿಕೋದಲ್ಲಿ ಅವರ ತೋಳು ಕೈಕೊಟ್ಟಿತು. ಪೇಜ್ ಕಥೆ ಮುಗಿಯಿತು ಎಂದರು ಜನ. ಮರುವರ್ಷ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದವರು ಅವರನ್ನು ತಮ್ಮ ಎರಡನೇ ದರ್ಜೆಯ ತಂಡದೊಂದಿಗೆ ಊರೂರಿಗೆ ಕಳಿಸಿದರು. ಪೇಜ್ ಅಲ್ಲೂ ಎಸೆಯುವುದನ್ನು ಬಿಡಲಿಲ್ಲ. ತೋಳು ನಿಧಾನವಾಗಿ ಸರಿಹೋಯಿತು. ಮೊದಲು ವೇಗವನ್ನೇ ನಂಬಿದ್ದವರು ಈಗ ತಿರುವು, ನಿಧಾನದ ಎಸೆತಗಳನ್ನೂ ಕಲಿತರು. 1942ರಲ್ಲಿ ಅದೇ ಮೊನಾರ್ಕ್ಸ್ ತಂಡ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಾಗ ಪೇಜ್ ಅದರ ಮುಖ್ಯ ಪಿಚರ್.

*ಬಾಬಾಸಾಹೇಬರ ಪತ್ರ*

1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಅಮೆರಿಕದ ಕಪ್ಪು ಜನರ ಸ್ಥಿತಿಗೂ ಭಾರತದ ಅಸ್ಪೃಶ್ಯರ ಸ್ಥಿತಿಗೂ ಬಹಳ ಸಾಮ್ಯವಿರುವುದರಿಂದ ಅವರನ್ನು ಕುರಿತು ನಾವು ಓದುವುದು ಅಗತ್ಯ ಎಂಬುದು ಅದರ ಸಾರ. ಆ ವರ್ಷ ಪೇಜ್ ಅವರಿಗೆ 40 ತುಂಬಿತ್ತು. ಇನ್ನೂ ಹೊರಗೇ ಇದ್ದರು. ಇಂದು ನಾವು ಅವರ ಬದುಕನ್ನು ಓದುವುದು ಬಾಬಾಸಾಹೇಬರು ತೋರಿಸಿದ ದಾರಿಯಲ್ಲೇ.

*ಬಾಗಿಲು ತೆರೆದಾಗ*

1947ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಿರಿಯ ಆಟಗಾರ ಮೇಜರ್ ಲೀಗ್ ಪ್ರವೇಶಿಸಿದರು. ಮೊದಲಿಗನಾಗಿ ತನ್ನನ್ನು ಕರೆಯಲಿಲ್ಲವೆಂಬ ನೋವು ಪೇಜ್ ಅವರಿಗಿತ್ತು. ಮರುವರ್ಷ ಜುಲೈನಲ್ಲಿ, 42ನೇ ಹುಟ್ಟುಹಬ್ಬದ ದಿನ, ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಸೇರಿಸಿಕೊಂಡಿತು. ಆಟಗಾರರು ನಿವೃತ್ತರಾಗುವ ವಯಸ್ಸಿನಲ್ಲಿ ಅವರು ಹೊಸಬ! ಮುದುಕನನ್ನು ತಂದದ್ದು ಪ್ರಚಾರಕ್ಕಾಗಿ ಎಂದು ಪತ್ರಿಕೆಯವರು ಚುಚ್ಚಿದರು. ಆ ಋತುವಿನಲ್ಲಿ ಪೇಜ್ ಖಾತೆಯಲ್ಲಿ 6 ಗೆಲುವು, 1 ಸೋಲು. ಆಗಸ್ಟ್ 20ರಂದು ಅವರ ಎಸೆತ ನೋಡಲು ಕ್ಲೀವ್‌ಲ್ಯಾಂಡಿನಲ್ಲಿ 78,382 ಜನ ಸೇರಿದ್ದರು. ಎದುರಾಳಿಗೆ ಒಂದೂ ರನ್ ಸಿಗಲಿಲ್ಲ. ಕ್ಲೀವ್‌ಲ್ಯಾಂಡ್ ಆ ವರ್ಷದ ಚಾಂಪಿಯನ್ ಆಯಿತು.

ಒಳಗೆ ಬಂದ ಮೇಲೂ ಅಡ್ಡಿ ತಪ್ಪಲಿಲ್ಲ. ಕಾಲು ಊರಿದ ಮೇಲೂ ಕೈಯನ್ನು ಅರೆಗಳಿಗೆ ತಡೆದು ಎಸೆಯುವ ಅವರ ಹೆಸರಾಂತ ಎಸೆತ ನಿಯಮಬಾಹಿರ ಎಂದು ಲೀಗ್ ಅಧ್ಯಕ್ಷರು ತೀರ್ಮಾನಿಸಿದರು. ಪೇಜ್ ಉಳಿದ ಎಸೆತಗಳಲ್ಲೇ ಆಡಿದರು. 1965ರ ಸೆಪ್ಟೆಂಬರ್ 25ರಂದು, 59ನೇ ವಯಸ್ಸಿನಲ್ಲಿ, ಕೊನೆಯ ಬಾರಿ ಮೇಜರ್ ಲೀಗ್ ಪಂದ್ಯದಲ್ಲಿ ಮೂರು ಇನಿಂಗ್ಸ್ ಎಸೆದರು. ರನ್ ಕೊಡಲಿಲ್ಲ.

*ಬೇರೆ ಗೋಡೆಯ ಗೌರವ*

ಕೂಪರ್ಸ್‌ಟೌನ್ ಎಂಬಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಇದೆ. ಅಲ್ಲಿಗೆ ಸೇರಲು ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿರಬೇಕು ಎಂಬುದು ನಿಯಮ. ಒಳಗೆ ಬಿಡದವರೇ ಒಳಗಿನ ಅನುಭವದ ಲೆಕ್ಕ ಕೇಳಿದ ಹಾಗಾಯಿತು. 1971ರಲ್ಲಿ ಪೇಜ್ ಅವರನ್ನು ಗೌರವಿಸುವುದಾಗಿ ಘೋಷಿಸಿದರು, ಆದರೆ ನೀಗ್ರೋ ಲೀಗ್‌ನವರಿಗೆಂದು ಪ್ರತ್ಯೇಕ ವಿಭಾಗದಲ್ಲಿ. ಗೌರವದಲ್ಲೂ ಬೇರೆ ಲೋಟ! ಜನ, ಪತ್ರಿಕೆಗಳು ಪ್ರತಿಭಟಿಸಿದ ಮೇಲೆ ತೀರ್ಮಾನ ಬದಲಾಯಿತು. ಆಗಸ್ಟ್ 9ರಂದು ಎಲ್ಲರಿಗೂ ಸಮಾನ ಸದಸ್ಯರಾಗಿ ಅವರು ಸೇರಿದರು.

*ನಮಗೆ ಪಾಠ*

'ಪ್ರತಿಭೆ ಇದ್ದವರನ್ನು ಯಾರೂ ತಡೆಯಲಾರರು' ಎಂಬ ಮಾತನ್ನು ಶಾಲಾ ಸಮಾರಂಭಗಳಲ್ಲಿ ಕೇಳುತ್ತಲೇ ಇರುತ್ತೇನೆ. ಮೀಸಲಾತಿಯ ಮಾತು ಬಂದಾಗಲಂತೂ ಇದು ಮೊದಲು ಬರುತ್ತದೆ. ಪೇಜ್ ಅವರನ್ನು 22 ವರ್ಷ ತಡೆದರು. ಅವರ ತೋಳಿನ ಅತ್ಯುತ್ತಮ ವರ್ಷಗಳು ಮರಳಿ ಬರಲಿಲ್ಲ. ಪ್ರತಿಭೆ ತಾನಾಗಿಯೇ ಬೀಗ ತೆಗೆಯುವುದಿಲ್ಲ. ಅದಕ್ಕೆ ಸಂಘಟನೆ, ಹೋರಾಟ ಬೇಕು. ಇದನ್ನು ನಮ್ಮ ಮಕ್ಕಳಿಗೆ ಮರೆಮಾಚದೆ ಹೇಳಬೇಕು. ಇಲ್ಲದಿದ್ದರೆ ಮುಚ್ಚಿದ ಬಾಗಿಲಿಗೆ ಮಗು ತನ್ನನ್ನೇ ದೂರಿಕೊಳ್ಳುತ್ತದೆ.

'ಎಷ್ಟು ಓದಿದರೂ ಅಷ್ಟೇ' ಎಂಬ ಮಾತನ್ನು ನಮ್ಮ ಮನೆಗಳಲ್ಲೂ ಕೇಳುತ್ತೇವೆ. ಅದೂ ಸುಳ್ಳು. ಹೊರಗಿದ್ದ ವರ್ಷಗಳಲ್ಲಿ ಪೇಜ್ ಕೈಬಿಟ್ಟಿದ್ದರೆ, 1948ರಲ್ಲಿ ಬಾಗಿಲು ತೆರೆದಾಗ ಒಳಗೆ ಹೋಗಲು ಅವರ ಬಳಿ ಏನಿರುತ್ತಿತ್ತು? ಇರುವ ಒಳಿತನ್ನು ಕಾಯುವುದು ಎಂದರೆ ಇದೇ. ಬಾಗಿಲಿನ ಹೋರಾಟ ಎಲ್ಲರೂ ಸೇರಿ ಮಾಡಬೇಕಾದದ್ದು. ತೋಳನ್ನು ಹದವಾಗಿಡುವುದು ಅವರವರ ದಿನದಿನದ ಕೆಲಸ. ಒಂದನ್ನು ನೆಪವಾಗಿಸಿ ಇನ್ನೊಂದನ್ನು ಬಿಡಬಾರದು.

*ಇಂದಿನ ಅಭ್ಯಾಸ:* ರಾತ್ರಿ ಧ್ಯಾನಕ್ಕೆ ಕೂರುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಫಲ ಸಿಗಲಿಲ್ಲವೆಂದು ನಾನು ಬಾಡಲು ಬಿಟ್ಟ ಒಳಿತು ಯಾವುದು? ಯಾರಿಗಾಗಿ ಮುಚ್ಚಿದ ಯಾವ ಬಾಗಿಲನ್ನು ತಟ್ಟಲು ನಾನು ಇಂದು ದನಿಗೂಡಿಸಿದೆ? ಭಾನುವಾರದ ಓದಿನಲ್ಲಿ ನಿಮ್ಮ ಉತ್ತರ ಹಂಚಿಕೊಳ್ಳಿ. ಮಕ್ಕಳನ್ನೂ ಕರೆತನ್ನಿ.

ನಮೋ ಬುದ್ಧಾಯ. ಜೈ ಭೀಮ್.