ಮಳೆ ತಡವಾದಾಗ ರಾಗಿ ಪೈರಿನೊಳಗೆ ನಡೆಯುವುದೇನು?

ಮಳೆ ತಡವಾದಾಗ ಮಧ್ಯಾಹ್ನದ ಹೊತ್ತಿಗೆ ರಾಗಿಯ ಎಲೆಗಳು ಸುರುಳಿ ಸುತ್ತಿಕೊಳ್ಳುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಇಂಥ ಪೈರಿಗೆ ಯೂರಿಯ ಎರಚಿದರೆ ಚೇತರಿಸಿಕೊಳ್ಳುವುದೆಂದು ಕೆಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಏಕೆಂಬುದನ್ನು ನೋಡೋಣ.

ಎಲೆಯ ಮೇಲೆ ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಪ್ರತಿ ರಂಧ್ರಕ್ಕೂ ಎರಡು ಕಾವಲು ಕೋಶಗಳುಂಟು. ಇವು ನೀರು ತುಂಬಿ ಉಬ್ಬಿದಾಗ ರಂಧ್ರ ತೆರೆಯುತ್ತದೆ. ನೀರು ಕಳೆದುಕೊಂಡು ಸೊರಗಿದಾಗ ಮುಚ್ಚುತ್ತದೆ.

ಮಣ್ಣಿನ ತೇವಾಂಶ ಕಡಿಮೆಯಾದಾಗ ಗಿಡದಲ್ಲಿ ಆಬ್ಸಿಸಿಕ್ ಆಮ್ಲವೆಂಬ ಚೋದಕ ಹೆಚ್ಚುತ್ತದೆ. ಕಾವಲು ಕೋಶಕ್ಕೆ ಇದೇ ಬರದ ಸುದ್ದಿ. ಸುದ್ದಿ ಮುಟ್ಟಿಸುವ ಕೆಲಸ ಮೂರು ಬಗೆಯ ಪ್ರೋಟೀನುಗಳದು. ಮೊದಲನೆಯದು ಆಮ್ಲವನ್ನು ಹಿಡಿಯುತ್ತದೆ. ಇದನ್ನು 2009ರಲ್ಲಿ ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಗುರುತಿಸಲಾಯಿತು. ಎರಡನೆಯದು, ತೇವ ಸಾಕಷ್ಟಿರುವಾಗ, ಮೂರನೆಯದನ್ನು ತಡೆದಿಟ್ಟಿರುತ್ತದೆ. ಆಮ್ಲ ಹಿಡಿದ ಮೊದಲನೆಯದು ಎರಡನೆಯದನ್ನು ಕಟ್ಟಿಹಾಕುತ್ತದೆ. ಆಗ ಬಿಡುಗಡೆಗೊಂಡ ಮೂರನೆಯದು ಕೋಶದ ಪೊರೆಯಲ್ಲಿರುವ ಬಾಗಿಲುಗಳಿಗೆ ಫಾಸ್ಫೇಟ್ ಅಂಶ ಜೋಡಿಸಿ ಅವನ್ನು ತೆರೆಸುತ್ತದೆ. ಲವಣಗಳು ಹೊರಹೋಗುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ರಂಧ್ರ ಮುಚ್ಚಿ, ಗಿಡದ ನೀರು ಉಳಿಯುತ್ತದೆ.

ಆದರೆ ಮುಚ್ಚಿದ ರಂಧ್ರದಿಂದ ಇಂಗಾಲದ ಡೈಆಕ್ಸೈಡ್ ಒಳಬರಲಾರದು. ಆಹಾರ ತಯಾರಿಕೆ ಕುಗ್ಗುತ್ತದೆ. ಒಣ ಮಣ್ಣಿನಿಂದ ಬೇರು ಸಾರಜನಕವನ್ನೂ ಸರಿಯಾಗಿ ಹೀರಲಾರದು. ಮೇಲೆ ಎರಚಿದ ಯೂರಿಯ ಅಮೋನಿಯವಾಗಿ ಗಾಳಿಗೆ ಸೇರಿ ನಷ್ಟವಾಗಬಹುದು. ಆದ್ದರಿಂದ ಮೊದಲು ಎಡೆಕುಂಟೆ ಹಾಯಿಸಿ, ಕಳೆ ತೆಗೆದು, ಇರುವ ತೇವವನ್ನು ಕಾಪಾಡಬೇಕು. ಹದವಾದ ಮಳೆ ಬಿದ್ದು ಎಲೆಗಳು ಬಿಚ್ಚಿಕೊಂಡ ಮೇಲೆಯೇ ಮೇಲುಗೊಬ್ಬರ ಕೊಡುವುದು ಲಾಭದಾಯಕ.