ಉಳಿದ ಅನ್ನದ ವಿವೇಕ

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರಲು, ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಹೇಳಿದರೆಂಬ ಕಥೆ ಸರ್ವವಿದಿತ. ಆದುದರಿಂದ ಅಳತೆಯರಿತು ಅಡುವುದೇ ಮೊದಲ ಮಿತವ್ಯಯ. ಉಳಿದುದನ್ನು ಸದುಪಯೋಗಿಸುವುದು ಎರಡನೆಯದು.

ರಾತ್ರಿಯ ರೊಟ್ಟಿಯನ್ನು ಮುರಿದು ಈರುಳ್ಳಿಯ ಒಗ್ಗರಣೆ ಕೊಟ್ಟರೆ ಬೆಳಗಿನ ಉಪಾಹಾರವಾಯಿತು. ಹಣವೂ ಹೊತ್ತೂ ಉಳಿದವು. ಖಡಕ್ ರೊಟ್ಟಿಯಂತೂ ತೇವ ತಾಗದಿದ್ದರೆ ವಾರಗಟ್ಟಲೆ ಕೆಡದು.

ಅನ್ನದಲ್ಲಿ ಮಾತ್ರ ಎಚ್ಚರವಿರಲಿ. ಬಹಳ ಹೊತ್ತು ಹೊರಗಿಟ್ಟ ಅನ್ನದಲ್ಲಿ ಸೂಕ್ಷ್ಮಾಣುಗಳು ಹುಟ್ಟಿಸುವ ವಿಷವು ಮತ್ತೆ ಕಾಯಿಸಿದರೂ ಅಳಿಯದು. 2 ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಡಿರಿ. ಮರುದಿನವೇ ಹಬೆಯಾಡುವಂತೆ ಕಾಯಿಸಿ ಮುಗಿಸಿರಿ.

ಕೆಟ್ಟುದನ್ನು ಮಕ್ಕಳಿಗಾಗಲಿ ಮನೆಯಾಳಿಗಾಗಲಿ ಬಡಿಸುವುದು ಮಿತವ್ಯಯವಲ್ಲ. ಅದು ಪ್ರಸಾದಕ್ಕೆ ಮಾಡಿದ ಅಪಚಾರ.